ಮೊದಲ ರಿಮೋಟ್ ಹೆಲಿಕಾಪ್ಟರ್: ಯಾವುದನ್ನು ಕೊಳ್ಳಬೇಕು, ಹೇಗೆ ಹಾರಿಸಬೇಕು

ಅಂಗಡಿಯ ಕಪಾಟಿನಲ್ಲಿ ಎಲ್ಲ ರಿಮೋಟ್ ಹೆಲಿಕಾಪ್ಟರ್‌ಗಳೂ ಒಂದೇ ಥರ ಕಾಣುತ್ತವೆ. ಹೊಳೆಯುವ ಡಬ್ಬ, ಅದರ ಮೇಲೆ ಮೋಡದ ಮಧ್ಯೆ ಹಾರುವ ಚಿತ್ರ, ಮೂಲೆಯಲ್ಲಿ ದೊಡ್ಡದಾಗಿ ಚಾನೆಲ್ ಸಂಖ್ಯೆ, ಅಂದರೆ ರಿಮೋಟಿನ ಹಿಡಿತಕ್ಕೆ ಬರುವ ಚಲನೆಗಳ ಲೆಕ್ಕ. ಒಂದರ ಬೆಲೆ ಕೆಲವು ನೂರು, ಪಕ್ಕದ್ದು ಕೆಲವು ಸಾವಿರ. ವ್ಯತ್ಯಾಸ ಏನು ಅಂತ ಕೇಳಿದರೆ "ಇದು ಜಾಸ್ತಿ ಮೇಲೆ ಹೋಗುತ್ತೆ ಸರ್" ಅನ್ನುವ ಉತ್ತರ ಬರುತ್ತದೆ. ಹೊಸಬರಿಗೆ ಎತ್ತರ ಮುಖ್ಯವೇ ಅಲ್ಲ. ಮುಖ್ಯವಾದದ್ದು ಎರಡು. ನೀವು ಕೈಬಿಟ್ಟರೂ ಅದು ಗಾಳಿಯಲ್ಲಿ ಒಂದು ಕ್ಷಣ ನೆಟ್ಟಗೆ ನಿಲ್ಲುತ್ತದೆಯೇ? ಬಿದ್ದು ಮುರಿದರೆ ಅದರ ಬಿಡಿಭಾಗ ಸಿಗುತ್ತದೆಯೇ?

ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಮನೆಯೊಳಗೆ ಹಾರಿಸುವವರಿಗೆ, ಅದರಲ್ಲೂ ಮಕ್ಕಳಿಗೆ, ಒಂದರ ಮೇಲೊಂದು ಎರಡು ರೋಟರ್ (ತಲೆಯ ಮೇಲೆ ತಿರುಗುವ ರೆಕ್ಕೆಗಳು) ಇರುವ ಮೂರು ಚಾನೆಲ್ ಹೆಲಿಕಾಪ್ಟರ್ ತೆಗೆದುಕೊಳ್ಳಿ. ನೀವು ದೊಡ್ಡವರು, ಮುಂದೆ ಇದನ್ನೇ ಹವ್ಯಾಸ ಮಾಡಿಕೊಳ್ಳುವ ಆಸೆ ಇದೆ, ಮನೆ ಹತ್ತಿರ ಖಾಲಿ ಸಭಾಂಗಣವೋ ಮೈದಾನವೋ ಇದೆ ಅಂದರೆ ಜೈರೊ (ಮೈ ತಿರುಗುವುದನ್ನು ಅಳೆದು ಸರಿಪಡಿಸುವ ಸೆನ್ಸರ್) ಇರುವ ನಾಲ್ಕು ಚಾನೆಲ್‌ನ ಒಂಟಿ ರೋಟರ್ ಹೆಲಿಕಾಪ್ಟರ್ ಸರಿ. ಎರಡು ಚಾನೆಲ್‌ನದ್ದು ಬೇಗ ಬೇಜಾರಾಗುತ್ತದೆ. ಆರು ಚಾನೆಲ್‌ನದ್ದು ಹೊಸಬರ ಕೈಯಲ್ಲಿ ಮೊದಲ ದಿನವೇ ಮುರಿಯುತ್ತದೆ. ಇವೆರಡನ್ನೂ ಈಗ ಬಿಟ್ಟುಬಿಡಿ.

ಚಾನೆಲ್ ಲೆಕ್ಕ

ಚಾನೆಲ್ ಅಂದರೆ ರಿಮೋಟಿನಿಂದ ನೀವು ಹಿಡಿತ ಇಟ್ಟುಕೊಳ್ಳಬಹುದಾದ ಚಲನೆಗಳ ಸಂಖ್ಯೆ. ಎರಡು ಚಾನೆಲ್‌ನದ್ದು ಮೇಲೆ-ಕೆಳಗೆ ಹೋಗುತ್ತದೆ, ಎಡ-ಬಲ ತಿರುಗುತ್ತದೆ, ಅಷ್ಟೆ. ಮುಂದೆ ಹೋಗುವುದು ಅದರ ಇಷ್ಟ. ಮೂಗಿನ ಕಡೆ ಸ್ವಲ್ಪ ಭಾರ ಇಟ್ಟಿರುವುದರಿಂದ ಅದು ಸದಾ ಮುಂದಕ್ಕೆ ಜಾರುತ್ತಲೇ ಇರುತ್ತದೆ. ನಿಲ್ಲಿಸಲು ಆಗದು, ಹಿಂದೆ ತರಲೂ ಆಗದು. ಮೂರನೇ ಚಾನೆಲ್ ಸೇರಿದರೆ ಮುಂದೆ-ಹಿಂದೆ ನಿಮ್ಮ ಕೈಗೆ ಬರುತ್ತದೆ. ನಾಲ್ಕನೆಯದು ಸೇರಿದರೆ ಮೂಗು ತಿರುಗಿಸದೆ ಪಕ್ಕಕ್ಕೆ ಸರಿಯಬಹುದು.

ಡಬ್ಬದ ಮೇಲೆ ಕೆಲವೊಮ್ಮೆ ಮೂರೂವರೆ ಚಾನೆಲ್ ಅಂತ ಬರೆದಿರುತ್ತಾರೆ. ಆ ಅರ್ಧ ಚಾನೆಲ್ ಸಾಮಾನ್ಯವಾಗಿ ಜೈರೊಗೋ ಲೈಟಿಗೋ ಕೊಟ್ಟ ಹೆಸರು. ಹಾರಾಟಕ್ಕೆ ಹೊಸ ದಿಕ್ಕೇನೂ ಸಿಗುವುದಿಲ್ಲ.

ಡಬ್ಬವನ್ನು ನಂಬುವ ಬದಲು ಬಾಲದ ತುದಿಯನ್ನು ನೋಡಿ. ಜೋಡಿ ರೋಟರ್‌ನ ಮೂರು ಚಾನೆಲ್ ಹೆಲಿಕಾಪ್ಟರ್‌ನಲ್ಲಿ ಬಾಲದ ಪುಟ್ಟ ಫ್ಯಾನ್ ಪಕ್ಕಕ್ಕೆ ಮುಖ ಮಾಡಿರುವುದಿಲ್ಲ, ಮೇಲಕ್ಕೆ ಮುಖ ಮಾಡಿ ಮಲಗಿರುತ್ತದೆ. ಅದರ ಕೆಳಗೆ ಚಿಕ್ಕ ಮೋಟಾರ್ ಇರುತ್ತದೆ, ಆ ಮೋಟಾರಿಗೆ ಬಾಲದುದ್ದಕ್ಕೂ ಎರಡು ತೆಳು ವೈರ್ ಬಂದಿರುತ್ತವೆ. ಈ ಫ್ಯಾನ್ ತಿರುಗಿ ಬಾಲವನ್ನು ಎತ್ತಿದರೆ ಮೂಗು ತಗ್ಗಿ ಹೆಲಿಕಾಪ್ಟರ್ ಮುಂದೆ ಹೋಗುತ್ತದೆ. ಉಲ್ಟಾ ತಿರುಗಿದರೆ ಹಿಂದೆ ಬರುತ್ತದೆ. ಎರಡು ರೋಟರ್ ಇದ್ದೂ ಬಾಲದಲ್ಲಿ ಮೋಟಾರೂ ಇಲ್ಲ, ವೈರೂ ಇಲ್ಲ ಅಂದರೆ ಆ ಫ್ಯಾನ್ ಬರೀ ಅಲಂಕಾರ. ಜಾತ್ರೆಯಲ್ಲಿ, ಎಕ್ಸಿಬಿಷನ್‌ನಲ್ಲಿ ಸಿಗುವ ಎಷ್ಟೋ ಹೆಲಿಕಾಪ್ಟರ್‌ಗಳು ಇಂಥವೇ.

ಜೋಡಿ ರೋಟರೋ, ಒಂಟಿ ರೋಟರೋ

ಕೊಳ್ಳುವಾಗ ನಿಜವಾಗಿ ಯೋಚಿಸಬೇಕಾದ್ದು ಇಲ್ಲಿ.

ರೋಟರ್ ಒಂದು ದಿಕ್ಕಿಗೆ ತಿರುಗಿದರೆ ಹೆಲಿಕಾಪ್ಟರ್‌ನ ಮೈ ಇನ್ನೊಂದು ದಿಕ್ಕಿಗೆ ತಿರುಗಲು ನೋಡುತ್ತದೆ. ಇದನ್ನು ತಡೆಯಲು ದೊಡ್ಡ ಹೆಲಿಕಾಪ್ಟರ್‌ಗಳಲ್ಲೂ ಎರಡು ದಾರಿ ಇವೆ. ನಮ್ಮ ಎಚ್‌ಎಎಲ್‌ನ ಧ್ರುವ್‌ಗೆ ಬಾಲದಲ್ಲಿ ಒಂದು ರೋಟರ್ ಇದೆ, ಅದು ಬಾಲವನ್ನು ಪಕ್ಕಕ್ಕೆ ತಳ್ಳಿ ಮೈ ತಿರುಗದಂತೆ ಹಿಡಿಯುತ್ತದೆ. ಯಲಹಂಕದ ಏರೋ ಇಂಡಿಯಾದಲ್ಲಿ ವಾಯುಪಡೆಯ ಸಾರಂಗ್ ತಂಡ ಹಾರಿಸುವುದು ಇದನ್ನೇ. ನೌಕಾಪಡೆಯ ಕಾಮೋವ್-31ಕ್ಕೆ ಬಾಲದ ರೋಟರ್ ಇಲ್ಲವೇ ಇಲ್ಲ. ಅದರ ತಲೆಯ ಮೇಲೆ ಎರಡು ರೋಟರ್ ಎದುರುಬದುರು ದಿಕ್ಕಿಗೆ ತಿರುಗುತ್ತವೆ. ಒಂದರ ತಿರುಚನ್ನು ಇನ್ನೊಂದು ಕಳೆಯುತ್ತದೆ.

ಆಟಿಕೆಯಲ್ಲಿ ಈ ಎರಡನೇ ದಾರಿ ಹೊಸಬರಿಗೆ ದೊಡ್ಡ ಉಪಕಾರ. ಇವಕ್ಕೆ ಕೋಆಕ್ಸಿಯಲ್ ಅನ್ನುತ್ತಾರೆ. ತಿರುಗಿಸಬೇಕಾದಾಗ ಒಂದು ರೋಟರ್ ಸ್ವಲ್ಪ ಜೋರಾಗಿ, ಇನ್ನೊಂದು ಸ್ವಲ್ಪ ನಿಧಾನವಾಗಿ ಓಡುತ್ತದೆ. ಮೇಲಿನ ರೋಟರ್‌ಗೂ ಮೇಲೆ, ಎರಡೂ ತುದಿಗೆ ಭಾರ ಇರುವ ಒಂದು ಕಡ್ಡಿ ಇರುತ್ತದೆ. ಅದು ಫ್ಲೈಬಾರ್. ಮೈ ವಾಲಿದರೂ ತಿರುಗುವ ಕಡ್ಡಿ ತನ್ನ ಮಟ್ಟವನ್ನು ಬೇಗ ಬಿಡುವುದಿಲ್ಲ. ಚಿಕ್ಕ ಕೊಂಡಿಯ ಮೂಲಕ ಮೇಲಿನ ರೋಟರ್ ಅನ್ನೂ ತನ್ನ ಮಟ್ಟಕ್ಕೆ ಎಳೆಯುತ್ತದೆ. ನೀವು ಏನೂ ಮಾಡದಿದ್ದರೂ ಹೆಲಿಕಾಪ್ಟರ್ ನೆಟ್ಟಗಾಗುತ್ತದೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ಸೆನ್ಸರ್ ಬೇಡ. ಇಷ್ಟು ಸರಳವಾದ ಉಪಾಯ ಇಷ್ಟು ಚೆನ್ನಾಗಿ ಕೆಲಸ ಮಾಡುವುದನ್ನು ನೋಡಿದರೆ ನನಗೆ ಈಗಲೂ ಖುಷಿಯಾಗುತ್ತದೆ.

ಈ ಗುಂಪಿನಲ್ಲಿ ಜಗತ್ತಿನಾದ್ಯಂತ ಹೆಸರು ಮಾಡಿದ್ದು ಸೈಮಾ ಕಂಪನಿಯ ಎಸ್107. ಸುಮಾರು 22 ಸೆಂ.ಮೀ. ಉದ್ದ, ಲೋಹದ ಚೌಕಟ್ಟು, 3.7 ವೋಲ್ಟ್‌ನ 150 ಎಂಎಎಚ್ ಬ್ಯಾಟರಿ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಚಾರ್ಜ್ ಮಾಡಿದರೆ ಏಳೆಂಟು ನಿಮಿಷ ಹಾರುತ್ತದೆ. ಹೆಸರಿನ ಕೊನೆಯಲ್ಲಿ ಜಿ ಇದ್ದರೆ ಜೈರೊ ಇದೆ ಎಂದರ್ಥ. ಅದು ಮೂಗು ತಾನಾಗಿ ಸುತ್ತದಂತೆ ನೋಡಿಕೊಳ್ಳುತ್ತದೆ. ಇದನ್ನು ನೋಡಿ ಮಾಡಿದ ಬೇರೆ ಹೆಸರಿನವೂ ಬೇಕಾದಷ್ಟಿವೆ. ಕೆಲವು ಚೆನ್ನಾಗಿಯೇ ಇರುತ್ತವೆ. ಆದರೆ ಎಸ್107ರ ಲಾಭ ಬೇರೆಯೇ. ಇಷ್ಟು ಜನ ಕೊಂಡಿರುವುದರಿಂದ ಅದರ ಬ್ಲೇಡು, ಕೊಂಡಿ, ಫ್ಲೈಬಾರ್, ಬಾಲದ ಫ್ಯಾನ್ ಎಲ್ಲವೂ ಬಿಡಿಯಾಗಿ ಮಾರಾಟಕ್ಕೆ ಬಂದಿವೆ.

ಜೋಡಿ ರೋಟರ್‌ನ ಕೊರತೆ ಗಾಳಿ. ನಲವತ್ತು ಗ್ರಾಂ ಆಸುಪಾಸಿನ ಈ ಹೆಲಿಕಾಪ್ಟರ್ ತಂಗಾಳಿಯನ್ನೂ ತಡೆದುಕೊಳ್ಳುವುದಿಲ್ಲ. ಟೆರೇಸಿನ ಮೇಲೆ ಹಾರಿಸಿದರೆ ಪಕ್ಕದ ಮನೆಯ ತೆಂಗಿನ ಮರ ಸೇರುತ್ತದೆ. ಪಕ್ಕಕ್ಕೆ ಸರಿಯಲೂ ಬರುವುದಿಲ್ಲ. ನೆಟ್ಟಗಾಗುವ ಗುಣ ಎಷ್ಟು ಜಾಸ್ತಿಯೋ ಚುರುಕು ಅಷ್ಟು ಕಡಿಮೆ.

ಒಂಟಿ ರೋಟರ್‌ನ ನಾಲ್ಕು ಚಾನೆಲ್ ಹೆಲಿಕಾಪ್ಟರ್ ನಿಜವಾದ ಹೆಲಿಕಾಪ್ಟರ್‌ನಂತೆಯೇ ನಡೆದುಕೊಳ್ಳುತ್ತದೆ. ವಾಲಿಸಿದರೆ ವಾಲಿದ ಕಡೆ ಹೋಗುತ್ತದೆ, ವೇಗ ಹಿಡಿಯುತ್ತದೆ, ನಿಲ್ಲಿಸಬೇಕಾದರೆ ಎದುರು ದಿಕ್ಕಿಗೆ ರಿಮೋಟಿನ ಕಡ್ಡಿ ತಳ್ಳಬೇಕು. ಡಬ್ಲ್ಯುಎಲ್‌ಟಾಯ್ಸ್‌ನ ವಿ911 ಈ ಬಗೆಯಲ್ಲಿ ಬಹಳ ಮಂದಿ ಕಲಿತ ಮಾದರಿ. ಅದಕ್ಕೆ ಫ್ಲೈಬಾರ್ ಇತ್ತು. ಆಮೇಲೆ ಬಂದ ವಿ911ಎಸ್‌ನಲ್ಲಿ ಫ್ಲೈಬಾರ್ ತೆಗೆದು 6 ಆಕ್ಸಿಸ್ ಜೈರೊ ಹಾಕಿದರು. ಅಂದರೆ ತಿರುಗುವುದನ್ನು ಅಳೆಯುವ ಮೂರು ಸೆನ್ಸರ್, ವಾಲುವುದನ್ನು ಅಳೆಯಲು ಇನ್ನೂ ಮೂರು. ರಿಮೋಟಿನ ಕಡ್ಡಿ ಬಿಟ್ಟರೆ ಹೆಲಿಕಾಪ್ಟರ್ ತಾನೇ ಮಟ್ಟಕ್ಕೆ ಬರುತ್ತದೆ. ಆದರೆ ಮಟ್ಟಕ್ಕೆ ಬರುವುದು ಬೇರೆ, ನಿಲ್ಲುವುದು ಬೇರೆ. ವೇಗ ಇದ್ದರೆ ಮಟ್ಟವಾಗಿಯೇ ಗೋಡೆಗೆ ಹೋಗಿ ಬಡಿಯುತ್ತದೆ. ಸಣ್ಣ ಹಾಲ್‌ನಲ್ಲಿ ಇದನ್ನು ಕಲಿಯುವುದು ಕಷ್ಟ. ಕಲ್ಯಾಣ ಮಂಟಪದಷ್ಟು ಜಾಗ ಇದ್ದರೆ, ಅಥವಾ ಎಲೆ ಅಲುಗದ ಬೆಳಗಿನ ಹೊತ್ತು ಮೈದಾನ ಸಿಕ್ಕರೆ, ಇದರಷ್ಟು ಮಜಾ ಜೋಡಿ ರೋಟರ್‌ನಲ್ಲಿ ಇಲ್ಲ.

ಆರು ಚಾನೆಲ್‌ನ ಹೆಲಿಕಾಪ್ಟರ್‌ಗಳಲ್ಲಿ ಬ್ಲೇಡಿನ ಕೋನವನ್ನೇ ಬದಲಿಸಬಹುದು. ತಲೆಕೆಳಗಾಗಿ ಹಾರುವುದೂ ಸಾಧ್ಯ. ರೋಟರ್ ಸದಾ ಪೂರ್ತಿ ವೇಗದಲ್ಲಿ ಇರುವುದರಿಂದ ತಗುಲಿದರೆ ಗಾಯ ಖಂಡಿತ. ಇದಕ್ಕೆ ಹೋಗುವವರು ಮೊದಲು ಕಂಪ್ಯೂಟರ್ ಸಿಮ್ಯುಲೇಟರ್‌ನಲ್ಲಿ ಕೈ ಪಳಗಿಸಿಕೊಳ್ಳಬೇಕು.

ಕೈ ಅಡ್ಡ ಹಿಡಿದರೆ ಮೇಲೇಳುವ, ರಿಮೋಟೇ ಇಲ್ಲದ ಸೆನ್ಸರ್ ಹೆಲಿಕಾಪ್ಟರ್‌ಗಳೂ ಸಿಗುತ್ತವೆ. ಪುಟ್ಟ ಮಕ್ಕಳು ನೋಡಿ ನಗುತ್ತಾರೆ. ಹಾರಿಸುವುದು ಕಲಿಯಲು ಅದು ಪ್ರಯೋಜನವಿಲ್ಲ.

ಇನ್‌ಫ್ರಾರೆಡ್ ಮತ್ತು 2.4 ಗಿಗಾಹರ್ಟ್ಸ್

ಕಡಿಮೆ ಬೆಲೆಯವು ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನಲ್ಲಿ ಕೆಲಸ ಮಾಡುತ್ತವೆ. ಹತ್ತು ಮೀಟರ್ ಆಸುಪಾಸು ಸಿಗ್ನಲ್ ತಲುಪುತ್ತದೆ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇರುವುದರಿಂದ ಹೊರಗೆ ತಂದರೆ ಹೆಲಿಕಾಪ್ಟರ್‌ಗೆ ರಿಮೋಟ್ ಕಾಣುವುದೇ ಇಲ್ಲ. ಕಿಟಕಿಯ ಬಳಿ ಬಿಸಿಲು ಬಿದ್ದ ಜಾಗಕ್ಕೆ ಹೋದ ಕೂಡಲೇ ದೊಪ್ಪನೆ ಬೀಳುವುದು ಇದಕ್ಕೇ. ಇಬ್ಬರು ಒಟ್ಟಿಗೆ ಹಾರಿಸುವುದಾದರೆ ಒಬ್ಬರದು ಎ ಬ್ಯಾಂಡ್, ಇನ್ನೊಬ್ಬರದು ಬಿ ಬ್ಯಾಂಡ್ ಇರಬೇಕು. ಅಣ್ಣ ತಂಗಿ ಇಬ್ಬರಿಗೂ ಒಂದೊಂದು ಕೊಡಿಸುವವರು ಇದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ.

2.4 ಗಿಗಾಹರ್ಟ್ಸ್‌ನವು ರೇಡಿಯೊ. ಬಿಸಿಲಿನ ತೊಂದರೆ ಇಲ್ಲ, ಎಷ್ಟು ಜನ ಒಟ್ಟಿಗೆ ಹಾರಿಸಿದರೂ ಕಲಸುಮೇಲೋಗರ ಆಗುವುದಿಲ್ಲ. ಬರೀ ಹಾಲ್‌ನಲ್ಲಿ ಹಾರಿಸಲು ಇನ್‌ಫ್ರಾರೆಡ್ ಸಾಕು. ಹೊರಗೆ ಕಾಲಿಡುವ ಯೋಚನೆ ಇದ್ದರೆ ರೇಡಿಯೊದ್ದೇ ಬೇಕು.

ಆಲ್ಟಿಟ್ಯೂಡ್ ಹೋಲ್ಡ್ ಬೇಕೇ?

ಈಗ ಬರುವ ಎಷ್ಟೋ ಮಾದರಿಗಳಲ್ಲಿ ಇದು ಇದೆ. ಎಡಗಡೆಯ ಕಡ್ಡಿ ನಡುವೆ ಬಿಟ್ಟರೆ ಹೆಲಿಕಾಪ್ಟರ್ ಇದ್ದ ಎತ್ತರದಲ್ಲೇ ನಿಲ್ಲುತ್ತದೆ. ಒಳಗಿನ ಬ್ಯಾರೋಮೀಟರ್ ಗಾಳಿಯ ಒತ್ತಡ ನೋಡಿ ಎತ್ತರ ಕಾಯುತ್ತದೆ. ಬಿಓ-105 ಹೆಲಿಕಾಪ್ಟರ್‌ನ ರೂಪದಲ್ಲಿ ಬರುವ ಸಿ186 ಈ ಬಗೆಯದು. ನೋಡಲೂ ತುಂಬಾ ಚಂದ. ಮೊದಲ ದಿನವೇ ಹಾರಿಸಿದ ಸಂತೋಷ ಬೇಕಾದರೆ ಇದು ಒಳ್ಳೆಯದೇ.

ಆದರೂ ಕಲಿಯುವವರಿಗೆ ನಾನು ಥ್ರಾಟಲ್ (ಏರಿಸಿ ಇಳಿಸುವ ಆ ಎಡಗಡೆಯ ಕಡ್ಡಿ) ತಾವೇ ಹಿಡಿಯುವ ಮಾದರಿಯನ್ನೇ ಹೇಳುತ್ತೇನೆ. ಹೆಲಿಕಾಪ್ಟರ್ ಹಾರಿಸುವ ಕಲೆಯ ಅರ್ಧ ಭಾಗ ಎಡ ಹೆಬ್ಬೆರಳಿನಲ್ಲಿದೆ. ಸೈಕಲ್ಲಿಗೆ ಪಕ್ಕದ ಚಿಕ್ಕ ಚಕ್ರ ಹಾಕಿಕೊಂಡೇ ಓಡಾಡಿದರೆ ಬ್ಯಾಲೆನ್ಸ್ ಬರುವುದಿಲ್ಲ, ಇದೂ ಹಾಗೆಯೇ. ಇನ್ನೊಂದು ಮಾತು. ಆಲ್ಟಿಟ್ಯೂಡ್ ಹೋಲ್ಡ್ ಇರುವುದು ಪರದೆಗೆ ಸಿಕ್ಕಿಕೊಂಡರೂ ಎತ್ತರ ಉಳಿಸಿಕೊಳ್ಳಲು ಒದ್ದಾಡುತ್ತಲೇ ಇರುತ್ತದೆ. ಮೋಟಾರ್ ತಾನಾಗಿ ನಿಲ್ಲುತ್ತದೆ ಅಂದುಕೊಳ್ಳಬೇಡಿ. ರಿಮೋಟಿನಲ್ಲಿ ತಟ್ಟನೆ ನಿಲ್ಲಿಸುವ ಬಟನ್ ಎಲ್ಲಿದೆ ಅಂತ ಹಾರಿಸುವ ಮೊದಲೇ ಬೆರಳಿಗೆ ಗೊತ್ತಿರಬೇಕು.

ನಾಲ್ಕು ಫ್ಯಾನಿನ ಪುಟ್ಟ ಡ್ರೋನ್ ಕೊಳ್ಳಬಾರದೇ ಅಂತ ಕೆಲವರು ಕೇಳುತ್ತಾರೆ. ಏನೋ ಒಂದು ಹಾರಿದರೆ ಸಾಕು ಅನ್ನುವವರಿಗೆ ಅದೇ ಸುಲಭ. ಹೆಲಿಕಾಪ್ಟರೇ ಬೇಕು ಅನ್ನುವ ಮಗುವಿಗೆ ಡ್ರೋನ್ ಕೊಟ್ಟು ಸಮಾಧಾನ ಮಾಡಬೇಡಿ.

ಕೊಳ್ಳುವಾಗ

ಅಂಗಡಿಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ: "ಅಣ್ಣಾ, ಇದರ ಬ್ಲೇಡ್ ಸೆಟ್ ಬಿಡಿಯಾಗಿ ಸಿಗುತ್ತಾ?" ಇಲ್ಲ ಅಂದರೆ ಮುಂದಿನ ಅಂಗಡಿಗೆ ಹೋಗಿ. ಆನ್‌ಲೈನ್‌ನಲ್ಲಾದರೆ ಮಾದರಿಯ ಹೆಸರು ಹಾಕಿ ಬ್ಲೇಡ್ ಹುಡುಕಿ. ಹೆಲಿಕಾಪ್ಟರ್ ಮಾತ್ರ ಸಿಕ್ಕಿ ಬ್ಲೇಡ್ ಸಿಗದಿದ್ದರೆ, ಒಂದು ಸಲ ಜೋರಾಗಿ ಬಿದ್ದರೆ ಅದರ ಕಥೆ ಮುಗಿಯಿತು.

ಆಟಿಕೆಗಳ ಗುಣಮಟ್ಟದ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಇರಲೇಬೇಕು. ಚಾರ್ಜ್ ಆಗುವ ಬ್ಯಾಟರಿ ಇರುವ ಆಟಿಕೆಯಲ್ಲಿ ಇದನ್ನು ಕಣ್ಣಾರೆ ನೋಡಿ ಕೊಳ್ಳಿ. ವಿದೇಶಿ ವೆಬ್‌ಸೈಟಿನಿಂದ ನೇರವಾಗಿ ತರಿಸುವ ಯೋಚನೆ ಇದ್ದರೆ ನೆನಪಿಡಿ, ಸಿದ್ಧ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದೆ. ಆಟಿಕೆ ಯಾವುದು, ಡ್ರೋನ್ ಯಾವುದು ಅನ್ನುವ ವಾದ ಕಸ್ಟಮ್ಸ್‌ನವರ ಜೊತೆ ಬೇಡ. ಇಲ್ಲೇ ಸಿಗುವುದನ್ನು ಕೊಳ್ಳಿ.

ಬ್ಯಾಟರಿ ತೆಗೆದು ಹಾಕುವಂತಿದ್ದರೆ ಒಂದು ಹೆಚ್ಚುವರಿ ಬ್ಯಾಟರಿಯನ್ನೂ ಜೊತೆಗೆ ತೆಗೆದುಕೊಳ್ಳಿ. ಏಳು ನಿಮಿಷದ ಆಟಕ್ಕೆ ಮುಕ್ಕಾಲು ಗಂಟೆ ಕಾಯುವುದು ಮಕ್ಕಳಿಗೆ ಶಿಕ್ಷೆ. ರಿಮೋಟಿಗೆ ಬೇಕಾದ ಪೆನ್ಸಿಲ್ ಸೆಲ್ ಡಬ್ಬದಲ್ಲಿ ಇರುವುದಿಲ್ಲ. ಕೆಲವಕ್ಕೆ ಆರು ಬೇಕು. ಹುಟ್ಟುಹಬ್ಬದ ದಿನ ರಾತ್ರಿ ಅಂಗಡಿ ಹುಡುಕುವ ಬದಲು ಅವತ್ತೇ ಕೊಂಡುಬಿಡಿ.

ಹಾರಿಸುವುದು

ಮೊದಲು ಸೀಲಿಂಗ್ ಫ್ಯಾನ್ ಆಫ್ ಮಾಡಿ. ಅದರ ಗಾಳಿ ಹೆಲಿಕಾಪ್ಟರ್ ಅನ್ನು ಕೆಳಕ್ಕೆ ಒತ್ತುತ್ತದೆ. ತಪ್ಪಿ ಮೇಲೆ ಹೋದರೆ ಫ್ಯಾನಿನ ರೆಕ್ಕೆಗೆ ಸಿಕ್ಕಿ ಚೂರಾಗುತ್ತದೆ. ಕಿಟಕಿ ಮುಚ್ಚಿ, ಪರದೆ ಕಟ್ಟಿ, ಉದ್ದ ಕೂದಲಿದ್ದವರು ಕೂದಲು ಕಟ್ಟಿಕೊಳ್ಳಿ. ಪುಟ್ಟ ಮಕ್ಕಳನ್ನು ದೂರ ಕೂರಿಸಿ. ಮುಖದ ಎತ್ತರದಲ್ಲಿ ಯಾರ ಹತ್ತಿರವೂ ಹಾರಿಸಬೇಡಿ.

ಹೆಲಿಕಾಪ್ಟರ್ ಅನ್ನು ಸಮ ನೆಲದ ಮೇಲೆ, ಬಾಲ ನಿಮ್ಮ ಕಡೆ ಇರುವಂತೆ, ಎರಡು ಹೆಜ್ಜೆ ದೂರ ಇಡಿ. ಸ್ವಿಚ್ ಹಾಕಿದ ಮೇಲೆ ಕೆಲವು ಸೆಕೆಂಡ್ ಅಲುಗಿಸಬೇಡಿ. ಜೈರೊ ಆಗ ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತಿರುತ್ತದೆ.

ಥ್ರಾಟಲ್ ಅನ್ನು ಮೆಲ್ಲಗೆ ಏರಿಸಿ, ಹೆಲಿಕಾಪ್ಟರ್‌ನ ಕಾಲು ಹಗುರಾಗುವವರೆಗೆ ಮಾತ್ರ. ಮೂಗು ತಾನಾಗಿ ಎಡಕ್ಕೋ ಬಲಕ್ಕೋ ಸುತ್ತುತ್ತಿದೆಯೇ ನೋಡಿ. ಸುತ್ತುತ್ತಿದ್ದರೆ ಟ್ರಿಮ್ (ಈ ಸುತ್ತನ್ನು ಸರಿಮಾಡಲು ರಿಮೋಟಿನಲ್ಲಿರುವ ಗುಂಡಿ) ಅನ್ನು ಎದುರು ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಇದು ಸರಿಯಾಗದೆ ಮೇಲೆ ಎತ್ತಬೇಡಿ.

ಇನ್ನು ಎತ್ತುವುದು. ಇಲ್ಲಿ ಅಂಜಿಕೆ ಕೆಲಸ ಕೆಡಿಸುತ್ತದೆ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಹೆಲಿಕಾಪ್ಟರ್ ತೂರಾಡುತ್ತದೆ. ರೋಟರ್ ಕೆಳಕ್ಕೆ ತಳ್ಳಿದ ಗಾಳಿ ನೆಲಕ್ಕೆ ಬಡಿದು ವಾಪಸ್ ಬರುವುದೇ ಕಾರಣ. ಅಲ್ಲೇ ಹಿಡಿದಿಡಲು ಒದ್ದಾಡಬೇಡಿ. ಒಂದೇ ಸಮನೆ ಸೊಂಟದ ಎತ್ತರಕ್ಕೆ ತನ್ನಿ, ಅಲ್ಲಿ ಅದು ಶಾಂತವಾಗುತ್ತದೆ. ಗೋಡೆಯ ಹತ್ತಿರವೂ ಸೂರಿನ ಹತ್ತಿರವೂ ಹೋಗಬೇಡಿ. ತೀರಾ ಹತ್ತಿರ ಹೋದರೆ ಗಾಳಿಯ ಎಳೆತಕ್ಕೆ ಅದು ತಾನಾಗಿಯೇ ಆ ಕಡೆ ಸೇರುತ್ತದೆ.

ಹೆಬ್ಬೆರಳಿನ ಚಲನೆ ಕೂದಲೆಳೆಯಷ್ಟು ಸಾಕು. ನೀವು ಥ್ರಾಟಲ್ ಏರಿಸಿದ್ದು ಹೆಲಿಕಾಪ್ಟರ್‌ಗೆ ತಲುಪಿ ಅದು ಏರಲು ಒಂದು ಕ್ಷಣ ಬೇಕು. ಹೊಸಬರು ಆ ಕ್ಷಣ ಕಾಯದೆ ಇನ್ನಷ್ಟು ಏರಿಸುತ್ತಾರೆ, ಅದು ಸೂರಿಗೆ ಬಡಿಯುತ್ತದೆ, ಗಾಬರಿಯಾಗಿ ಪೂರ್ತಿ ಇಳಿಸುತ್ತಾರೆ. ಇಳಿಯಲು ಶುರುವಾಗುವ ಮೊದಲೇ ಚೂರು ಏರಿಸಿ, ಏರಲು ಶುರುವಾಗುವ ಮೊದಲೇ ಚೂರು ಇಳಿಸಿ. ಅದು ಕೈಗೆ ಬಂದ ದಿನ ಮಿಕ್ಕಿದ್ದೆಲ್ಲ ಸುಲಭ.

ಆಮೇಲೆ ಒಂದೇ ಜಾಗದಲ್ಲಿ ನಿಲ್ಲಿಸುವುದು. ನಂತರ ಕಾಲು ಸುತ್ತು ತಿರುಗಿ ವಾಪಸ್ ಬರುವುದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು ಅದರೊಳಗೇ ಇಳಿಸಲು ನೋಡಿ. ಮೂಗು ನಿಮ್ಮ ಕಡೆ ತಿರುಗಿದಾಗ ಎಡ-ಬಲ ಅದಲು ಬದಲಾಗುತ್ತದೆ. ಇಲ್ಲಿ ಎಲ್ಲರೂ ತಡವರಿಸುತ್ತಾರೆ. ಹೆಲಿಕಾಪ್ಟರ್ ಒಳಗೆ ನೀವೇ ಕೂತಿದ್ದೀರಿ ಅಂದುಕೊಂಡು ಎಡ-ಬಲ ಯೋಚಿಸಿ. ಗೊಂದಲವಾದರೆ ಸುಮ್ನೆ ನಿಧಾನಕ್ಕೆ ಇಳಿಸಿಬಿಡಿ.

ಎಲ್ಲಾದರೂ ಬಡಿಯುವುದು ಖಾತ್ರಿ ಅನಿಸಿದರೆ ಬಡಿಯುವ ಮೊದಲೇ ಥ್ರಾಟಲ್ ಪೂರ್ತಿ ಇಳಿಸಿ. ತಿರುಗುವ ಬ್ಲೇಡ್ ಗೋಡೆಗೆ ತಗುಲಿದರೆ ಮುರಿಯುತ್ತದೆ. ನಿಂತ ಬ್ಲೇಡಿನೊಂದಿಗೆ ಸೊಂಟದ ಎತ್ತರದಿಂದ ಬಿದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಕಲಿಯುವಾಗ ಜಮಖಾನ ಹಾಸಿಕೊಂಡರೆ ಇನ್ನೂ ಒಳ್ಳೆಯದು.

ಸಣ್ಣ ರಿಪೇರಿ

ಬಿದ್ದ ಮೇಲೆ ಹೆಲಿಕಾಪ್ಟರ್ ಅದುರುತ್ತಿದೆ, ಒಂದೇ ಕಡೆ ವಾಲುತ್ತಿದೆ ಅಂದರೆ ಮೊದಲು ಫ್ಲೈಬಾರ್‌ನ ಕೊಂಡಿ ನೋಡಿ. ಉಗುರಿಗಿಂತ ಚಿಕ್ಕದಾದ ಆ ಪ್ಲಾಸ್ಟಿಕ್ ಕೊಂಡಿ ತನ್ನ ಗುಂಡಿನಿಂದ ಕಳಚಿಕೊಂಡಿರುತ್ತದೆ. ಬೆರಳಲ್ಲಿ ಒತ್ತಿದರೆ ಟಿಕ್ ಅಂತ ಕೂರುತ್ತದೆ. ಕೆಟ್ಟುಹೋಯಿತು ಅಂತ ಎಸೆದ ಎಷ್ಟೋ ಹೆಲಿಕಾಪ್ಟರ್‌ಗಳಿಗೆ ಇಷ್ಟೇ ಆಗಿರುತ್ತದೆ.

ಎರಡನೆಯದು ಬ್ಲೇಡಿನ ಸ್ಕ್ರೂ. ಬಿಗಿಯಾಗಿರಬೇಕು ಅಂತ ಎಲ್ಲರೂ ತಿರುಗಿಸಿ ಕೂರಿಸುತ್ತಾರೆ. ಅದು ತಪ್ಪು. ಹೆಲಿಕಾಪ್ಟರ್ ಪಕ್ಕಕ್ಕೆ ಹಿಡಿದರೆ ಬ್ಲೇಡ್ ತನ್ನ ಭಾರಕ್ಕೇ ಬಾಗಿ ತೂಗಬೇಕು, ಅಷ್ಟು ಸಡಿಲ ಇರಲಿ. ತಿರುಗುವಾಗ ಅದು ತಾನೇ ನೇರವಾಗುತ್ತದೆ. ಜೋಡಿ ರೋಟರ್‌ನಲ್ಲಿ ಮೇಲಿನ ಬ್ಲೇಡೂ ಕೆಳಗಿನ ಬ್ಲೇಡೂ ಬೇರೆ ಬೇರೆ. ಬುಡದಲ್ಲಿ ಎ, ಬಿ ಅಂತ ಅಚ್ಚಾಗಿರುತ್ತದೆ. ಅದಲು ಬದಲು ಹಾಕಿದರೆ ಮೇಲೇಳುವುದಿಲ್ಲ.

ಮೂರನೆಯದು ಕೂದಲು. ಮನೆಯ ನೆಲದ ಕೂದಲು, ದಾರ ಎಲ್ಲ ಬಾಲದ ಫ್ಯಾನಿನ ಕಡ್ಡಿಗೂ ನಡುವಿನ ಶಾಫ್ಟಿಗೂ ಸುತ್ತಿಕೊಳ್ಳುತ್ತವೆ. ಮುಂದೆ ಹೋಗುತ್ತಿಲ್ಲ ಅಂದರೆ ಮೋಟಾರ್ ಸುಟ್ಟಿದೆ ಅನ್ನುವ ಮೊದಲು ಚಿಮಟಿಗೆಯಲ್ಲಿ ಆ ಎಳೆಗಳನ್ನು ಬಿಡಿಸಿ ನೋಡಿ.

ಬ್ಯಾಟರಿ ವಿಷಯದಲ್ಲಿ ಸಡಿಲ ಬೇಡ. ಹಾರಿಸಿದ ಕೂಡಲೇ ಬಿಸಿಯಾಗಿರುವಾಗ ಚಾರ್ಜಿಗೆ ಹಾಕಬೇಡಿ, ಕಾಲು ಗಂಟೆ ಆರಲು ಬಿಡಿ. ಡಬ್ಬದ ಜೊತೆ ಬಂದ ಕೇಬಲ್‌ನಲ್ಲೇ ಚಾರ್ಜ್ ಮಾಡಿ. ರಾತ್ರಿ ಹಾಕಿ ಮಲಗಬೇಡಿ. ಏರುವ ಶಕ್ತಿ ಕುಗ್ಗಿತು ಅನಿಸಿದಾಗ ಇಳಿಸಿ, ಸ್ವಿಚ್ ಆಫ್ ಮಾಡಿ. ಪೂರ್ತಿ ಬರಿದಾಗಿ ತಿಂಗಳುಗಟ್ಟಲೆ ಬಿದ್ದಿದ್ದರೆ ಇದರಲ್ಲಿರುವ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಸಾಯುತ್ತದೆ. ಊದಿಕೊಂಡಿದ್ದರೆ ಮತ್ತೆ ಚಾರ್ಜ್ ಮಾಡಲೇಬೇಡಿ, ಚುಚ್ಚಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಬದಲಿ ಬ್ಯಾಟರಿ ಹುಡುಕಬಹುದು. ಹಳೆಯದನ್ನು ಜೊತೆಗೆ ಒಯ್ಯಿರಿ. ಅಳತೆ, ವೋಲ್ಟ್, ಕನೆಕ್ಟರ್, ಕೆಂಪು-ಕಪ್ಪು ವೈರಿನ ಕ್ರಮ ನಾಲ್ಕೂ ಹೊಂದಬೇಕು.

ಹೊರಗೆ ಹಾರಿಸುವ ಮೊದಲು

ರಿಮೋಟ್ ಹೆಲಿಕಾಪ್ಟರ್‌ಗೂ ಅನ್ವಯಿಸುವ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನವು ನ್ಯಾನೋ ವರ್ಗಕ್ಕೆ ಸೇರುತ್ತವೆ. ಅವಕ್ಕೆ ರಿಮೋಟ್ ಪೈಲಟ್ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡ ಅಂದರೆ ಎಲ್ಲಿ ಬೇಕಾದರೂ ಹಾರಿಸಬಹುದು ಅಂತಲ್ಲ. ಬೆಂಗಳೂರಿನಲ್ಲಂತೂ ಜಕ್ಕೂರು, ಯಲಹಂಕ, ಎಚ್‌ಎಎಲ್ ಅಂತ ಊರೊಳಗೇ ರನ್‌ವೇಗಳಿವೆ. ನಾಲ್ಕು ಚಾನೆಲ್‌ನದ್ದನ್ನು ಮೈದಾನಕ್ಕೆ ಒಯ್ಯುವ ಮೊದಲು ಡಿಜಿಟಲ್ ಸ್ಕೈ ಅನ್ನುವ, ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರಿ ನಕ್ಷೆಯಲ್ಲಿ ನಿಮ್ಮ ಜಾಗ ನೋಡಿ. ಕೆಂಪು ವಲಯದಲ್ಲಿದ್ದರೆ ಅಲ್ಲಿ ಹಾರಿಸಬೇಡಿ, ಒಳಾಂಗಣ ಹುಡುಕಿಕೊಳ್ಳಿ.